ಒಣಗುವ ಮೊದಲು

ಲೇಪ ಬಿದ್ದ ಮೇಲೆ ಕಣ್ಣು ತೆರೆಯುವ ಹಾಗಿಲ್ಲ. ಮುಕುಂದಯ್ಯ ವೈದ್ಯರು ಹಿತ್ತಾಳೆ ಬಟ್ಟಲನ್ನು ಎಡಗೈಯಲ್ಲಿ ಹಿಡಿದು, ಉಂಗುರದ ಬೆರಳಿನಿಂದ, ರೆಪ್ಪೆಗೂದಲು ಬಿಟ್ಟು ರೆಪ್ಪೆಗೆ ಮಾತ್ರ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದು ಸಲ ಎಳೆದರೆ ಮುಗಿಯಿತು. ಆಮೇಲೆ ಜಗಲಿಯ ಬೆಂಚಿನಲ್ಲಿ ಗೋಡೆಗೆ ತಲೆ ಕೊಟ್ಟು ಕೂತವರಿಗೆ ಲೋಕವೆಂದರೆ ಸದ್ದು ಮತ್ತು ವಾಸನೆ. ಮರದರಿಸಿನ, ಲೋಧ್ರದ ತೊಗಟೆ, ಅಳಲೆಕಾಯಿ, ಕಾವಿಕಲ್ಲು, ನಾಲ್ಕನ್ನೂ ತೇಯುವ ಕಲ್ಲಿನ ಸದ್ದು ಒಳಗಿನಿಂದ ಬರುತ್ತಿತ್ತು. ಮೂಕಾಂಬಿಕಾಗೆ ಇದು ಆರನೆಯ ಬೆಳಿಗ್ಗೆ. ಎರಡು ವರ್ಷದಿಂದ ಅವಳ ರೆಪ್ಪೆಯ ಅಂಚು ಕೆಂಪಗೆ ಬಾತು, ಕೂದಲ ಬುಡದಲ್ಲಿ ಹೊಟ್ಟು ಕಟ್ಟಿ, ಬೆಳಿಗ್ಗೆ ಏಳುವಾಗ ಕಣ್ಣು ಅಂಟಿಕೊಂಡಿರುತ್ತಿತ್ತು. ಸಾಗರದ ಡಾಕ್ಟರು ಕೊಟ್ಟ ಹಳದಿ ಮುಲಾಮು ಹಚ್ಚಿದ ವಾರ ಕಡಿಮೆಯಾಗಿ ಮರುವಾರ ಬರುತ್ತಿತ್ತು. ತೀರ್ಥಹಳ್ಳಿಗೆ ಶಿಬಿರಕ್ಕೆಂದು ಬಂದವಳನ್ನು ನೋಡಿದ ಶಿಬಿರದ ನಿರ್ದೇಶಕ ವೆಂಕಟ್ರಮಣರು, ಸೇತುವೆ ದಾಟಿ ಕುರುವಳ್ಳಿಗೆ ಹೋಗಿ ಮುಕುಂದಯ್ಯನವರಿಗೆ ತೋರಿಸಿ ಎಂದಿದ್ದರು. ವೈದ್ಯರು ಅವಳ ರೆಪ್ಪೆಯನ್ನು ಮಗುಚಿ ನೋಡಿ, "ಪಿತ್ತದ ಕಣ್ಣು. ಹುಳಿ, ಖಾರ, ಹೊಗೆ ಬೇಡ. ಸಿಟ್ಟೂ ಬೇಡ" ಎಂದಿದ್ದರು. "ನನಗೆ ಸಿಟ್ಟಿಲ್ಲ" ಎಂದಿದ್ದಳು. "ಇರೋರೆಲ್ಲ ಹಂಗೇ ಹೇಳೂದು, ತಾಯಿ. ಇಲ್ದೋರು ಎಂತ ಸಿಟ್ಟು ಅಂತ ಕೇಳ್ತಾರೆ."

ಆ ಜಗಲಿಗೆ ಒಂದು ಪದ್ಧತಿಯಿತ್ತು. ಲೇಪ ಹಚ್ಚುವುದು ವೈದ್ಯರ ಕೆಲಸ, ತೆಗೆಯುವುದು ಅವರದ್ದಲ್ಲ. ಯಾರ ಕಣ್ಣು ಬಿಡುವಾಗಿದೆಯೋ ಅವರು ಪಕ್ಕದವರ ಲೇಪಕ್ಕೆ ಹತ್ತಿಯಲ್ಲಿ ತ್ರಿಫಲೆಯ ಕಷಾಯ ಅದ್ದಿ, ನೆನೆಸಿ, ಮೆತ್ತಗಾದ ಮೇಲೆ ಒರೆಸಬೇಕು. ಅದೂ ಒಣಗುವ ಮೊದಲು. ಹಸಿ ಇರುವವರೆಗೆ ಲೇಪ ಉರಿಯನ್ನು ಕುಡಿಯುತ್ತದೆ, ಒಣಗಿದ ಮೇಲೆ ಕುಡಿದದ್ದನ್ನೆಲ್ಲ ತಿರುಗಿ ಕಣ್ಣಿಗೇ ಕೊಡುತ್ತದೆ ಎಂದು ವೈದ್ಯರು ಹೊಸದಾಗಿ ಬಂದವರಿಗೆಲ್ಲ ಹೇಳುತ್ತಿದ್ದರು. ಮೂಕಾಂಬಿಕಾಗೆ ತೆಗೆಯುತ್ತಿದ್ದವಳು ಹೂವಮ್ಮ. ಕುರುವಳ್ಳಿಯವಳೇ, ಅರವತ್ತರ ಹತ್ತಿರ. ತನ್ನ ಕಣ್ಣು ವಾಸಿಯಾಗಿ ತಿಂಗಳಾದರೂ ಮಾತಿನ ಆಸೆಗೆ ಬೆಂಚು ಬಿಟ್ಟಿರಲಿಲ್ಲ.

"ಎಂತ ವೈದ್ಯರೆ, ಮೇಷ್ಟ್ರುಗಳ ಕಣ್ಣಿಗೂ ಮದ್ದು ಇದ್ಯಾ, ಇಲ್ಲ ಬರೀ ಮನುಷ್ಯರಿಗೆ ಮಾತ್ರವಾ?"

ಮೆಟ್ಟಿಲ ಹತ್ತಿರ ಗಂಡಸಿನ ದನಿ. ಮೂಕಾಂಬಿಕಾಳ ಬೆನ್ನು ಗೋಡೆಯಿಂದ ತಾನಾಗಿ ಎದ್ದಿತು. ಹೂವಮ್ಮ ಕಿಸಕ್ಕನೆ ನಕ್ಕು, "ಬನ್ನಿ ಬನ್ನಿ, ಅಯ್ಯಯ್ಯ, ಎರಡು ರೆಪ್ಪೇನೂ ಬೆಂದ ಗೆಣಸಿನ ಹಂಗೆ ಆಗಿದಾವಲ್ಲ ಮಾರಾಯ್ರೆ" ಎಂದಳು. "ಚಾಕ್‌ಪೀಸಿನ ಧೂಳು ಕಣಮ್ಮ. ಮೂವತ್ತೊಂದು ವರ್ಷ ತಿಂದೀನಿ." ವೈದ್ಯರು ಹೆಸರು ಕೇಳಿದರು. ಕೇಳುವ ಅಗತ್ಯ ಮೂಕಾಂಬಿಕಾಗೆ ಇರಲಿಲ್ಲ. "ಶೇಷಪ್ಪ. ಹೊಸನಗರದಲ್ಲಿ ಹೆಡ್ಮಾಸ್ಟ್ರು. ಇಲ್ಲಿ ಶಾಂತಿ ಶಿಬಿರಕ್ಕೆ ಬಂದಿದ್ದು. ನಲವತ್ತು ಜನ ಮೇಷ್ಟ್ರುಗಳನ್ನ ಕೂರಿಸಿ, ಸಿಟ್ಟು ಮಾಡಬೇಡಿ ಅಂತ ಕಲಿಸ್ತಾ ಇದಾರೆ. ಕೋಲು ಕಸಕೊಂಡ್ರೆ ಮೇಷ್ಟ್ರ ಕೈಗೆ ಎಂತ ಉಳೀತು ಹೇಳಿ!" ಬೆಂಚು ಕಿರುಗುಟ್ಟಿತು. ಅವರು ಅವಳ ಪಕ್ಕದಲ್ಲೇ, ಒಂದು ಮೊಳ ಬಿಟ್ಟು ಕೂತರು. ಅವಳು ಸೆರಗನ್ನು ಹಣೆಯ ಮೇಲೆ ಇನ್ನಷ್ಟು ಎಳೆದುಕೊಂಡಳು. ರೆಪ್ಪೆಗೆ ಕಾವಿ ಬಣ್ಣದ ಲೇಪ ಮೆತ್ತಿಕೊಂಡು, ಸೆರಗಿನಡಿ ಅರ್ಧ ಅಡಗಿದ ಮುಖವನ್ನು ಯಾರೂ ಗುರುತು ಹಿಡಿಯಲಾರರು. ತೊಳೆದ ಮುಖವನ್ನೇ ಆ ಮನುಷ್ಯ ಏಳು ದಿನದಿಂದ ಗುರುತು ಹಿಡಿದಿಲ್ಲ.

ಏಳು ದಿನ ಮೂರನೆಯ ಸಾಲಿನ ತುದಿಯಲ್ಲಿ ಕೂತು, ಅವಳು ಹೇಳಿದ್ದನ್ನು ದುಂಡು ಅಕ್ಷರದಲ್ಲಿ ಬರೆದುಕೊಂಡು, "ಮೇಡಂ, ಎರಡನೇ ಅಂಶ ಇನ್ನೊಂದ್ಸಲ" ಎಂದು ವಿನಯದಿಂದ ಕೇಳಿದ್ದರು. ಒಂದು ತಿಂಗಳ ಹಿಂದೆ, ಸಾಗರದ ಟ್ರೈನಿಂಗ್ ಶಾಲೆಯ ಆಫೀಸಿನಲ್ಲಿ, ಮೂರು ತಾಲ್ಲೂಕಿನಿಂದ ಬರುವ ಮೇಷ್ಟರುಗಳ ಪಟ್ಟಿ ಅವಳ ಕೈಗೆ ಬಂದಾಗ ಹದಿನೇಳನೆಯ ಹೆಸರಿನ ಮೇಲೆ ಬೆರಳು ನಿಂತಿತ್ತು. ಹೋದ ವರ್ಷದ ಯುದ್ಧ ಮುಗಿದು ಒಪ್ಪಂದವಾದ ಮೇಲೆ, ಮಕ್ಕಳಿಗೆ ಶಾಂತಿ ಕಲಿಸುವ ಮೊದಲು ಮೇಷ್ಟರುಗಳಿಗೆ ಕಲಿಸಬೇಕೆಂದು ಯಾರಿಗೋ ಹೊಳೆದಿತ್ತು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವಳೆಂದು ಪಾಠದ ಯೋಜನೆ ಅವಳ ಪಾಲಿಗೆ ಬಂತು. ಜಗಳವಾಡುವ ಹುಡುಗರನ್ನು ಬಿಡಿಸುವುದು ಹೇಗೆ, ದ್ವೇಷವಿಲ್ಲದೆ ಚರಿತ್ರೆ ಹೇಳುವುದು ಹೇಗೆ, ಇವೆಲ್ಲ ಕಳಿಸಿಕೊಟ್ಟ ಕಲ್ಲಚ್ಚಿನ ಪುಸ್ತಕದಲ್ಲಿದ್ದವು. ಎಂಟನೆಯ ದಿನದ ಪಾಠ ಅದರಲ್ಲಿರಲಿಲ್ಲ. ಅದನ್ನು ಅವಳೇ ಸೇರಿಸಿದಳು: 'ನಾನು ಮಾಡಿದ ಒಂದು ತಪ್ಪು.' ಪ್ರತಿಯೊಬ್ಬರೂ ಎದ್ದು ನಿಂತು, ಮಗುವಿಗೋ ಸಹೋದ್ಯೋಗಿಗೋ ತಾವು ಮಾಡಿದ ಅನ್ಯಾಯವನ್ನು ಎಲ್ಲರೆದುರು ಹೇಳಬೇಕು. ವೆಂಕಟ್ರಮಣರು ಓದಿ, "ಇದು ಇಡೀ ಶಿಬಿರದ ಹೃದಯ" ಎಂದಿದ್ದರು. ಹೃದಯವಲ್ಲ, ಇಲಿಬೋನು. ನಲವತ್ತು ಜನರಿಗೆ ಹಾಕಿದ್ದು ಒಬ್ಬನಿಗಾಗಿ. ಆ ಪಾಠ ಇವತ್ತು ಮಧ್ಯಾಹ್ನ.

ಅವಳ ಗಂಡ ಪುಟ್ಟಪ್ಪ, ಶೇಷಪ್ಪ ಮೇಷ್ಟರ ಶಾಲೆಯಲ್ಲೇ ಕೆಲಸಕ್ಕಿದ್ದವನು, ಎರಡು ವರ್ಷದ ಹಿಂದೆ ಸ್ಟಾಫ್ ರೂಮಿನ ಸಂಗತಿಯನ್ನು ನಗುತ್ತಲೇ ಹೇಳಿದ್ದ. ಹೊಸನಗರದ ಬಾಡಿಗೆ ಮನೆಯ ಅಡಿಗೆಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡದೆ ನಿಂತಿದ್ದ. ಕಾಡಿನ ಅಂಚಿನ ಕೇರಿಗಳಲ್ಲಿ ಶಾಲೆಗೆ ಬರದ ಮಕ್ಕಳ ಗಣತಿಗೆ ಅವನನ್ನು ಹಾಕಿದ್ದರು. ಅದು ಮಾಘಮಾಸ, ಆ ಕಡೆಯ ಕಾಡಿನಲ್ಲಿ ಮಂಗಗಳು ಮರದಿಂದ ಉದುರಿ ಸಾಯುತ್ತಿವೆ, ಸೌದೆಗೆ ಹೋದವರಿಗೆ ಜ್ವರ ಬರುತ್ತಿದೆ ಎಂಬ ಸುದ್ದಿಯಿತ್ತು. ಎರಡು ವಾರ ತಡೆದು ಹೋಗುತ್ತೇನೆ ಎಂದು ಅವನು ಕೇಳಿಕೊಂಡಾಗ ಶೇಷಪ್ಪ ಮೇಷ್ಟರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, "ಎಂತದ್ರೀ ಪುಟ್ಟಪ್ಪ, ಎಮ್ಮೆ ಓದಿದ ಹೆಂಡ್ತಿಗೆ ಹೆದರೂದು ಗೊತ್ತಿತ್ತು, ಮಂಗಕ್ಕೂ ಹೆದರ್ತೀರಾ?" ಎಂದಿದ್ದರು. ಎಮ್ಮೆ ಅಂದರೆ ಎಂ.ಎ. ಎಂದು ಡ್ರಾಯಿಂಗ್ ಮೇಷ್ಟರು ಬಿಡಿಸಿ ಹೇಳಿದ ಮೇಲೆ ಇನ್ನೊಂದು ಸಲ ಎಲ್ಲರೂ ನಕ್ಕರಂತೆ. ಹೇಳುವಾಗ ಪುಟ್ಟಪ್ಪನ ತುಟಿ ನಗುತ್ತಿತ್ತು, ಕತ್ತು ಕೆಂಪಾಗಿತ್ತು. ಅವಳು ಒಲೆಯ ಮೇಲೆ ಏನನ್ನೋ ತಿರುವುತ್ತಿದ್ದಳು, ಏನನ್ನೋ ಅಂದಳು. ಅವನು ಮರುದಿನ ಹೋದ. ಬಂದ ಐದನೆಯ ದಿನಕ್ಕೆ ಜ್ವರ. ಕಣ್ಣು ಎರಡೂ ಕುಂಕುಮ ಕಲಸಿಟ್ಟ ಹಾಗೆ. ರಜೆ ಚೀಟಿ ಹಿಡಿದು ಅವಳೇ ಶಾಲೆಗೆ ಹೋದಳು. ಮೇಷ್ಟರು ತಲೆಯೆತ್ತದೆ ಓದಿ, "ಕಣ್ಣು ಕೆಂಪಾ? ಕಣ್ಬೇನೆ ಇರ್ತದೆ. ಎರಡು ತೊಟ್ಟು ಹರಳೆಣ್ಣೆ ಬಿಡಿ, ಸೋಮವಾರ ಕಳಿಸಿ" ಎಂದರು. ಸೋಮವಾರ ಅವನ ಮೂಗಿನಿಂದ ರಕ್ತ ಬಂತು. ಬುಧವಾರ ಮುಗಿಯಿತು. ಆಮೇಲೆ ಅವನ ಕಾಗದಪತ್ರಗಳಿಗೆ ಹೋದಾಗ ಹಾಜರಿ ಪುಸ್ತಕ ಮೇಜಿನ ಮೇಲೆ ತೆರೆದಿತ್ತು. ಅವನು ಸಾಯುತ್ತಿದ್ದ ಆರೂ ದಿನದ ಚೌಕಗಳಲ್ಲಿ ಕೆಂಪು ಶಾಯಿಯಿಂದ ದುಂಡಗೆ 'ಗೈರು' ಎಂದು ಬರೆದಿತ್ತು. ಅವಳು ಅತ್ತಿರಲಿಲ್ಲ. ಅತ್ತರೆ ಆ ಕೆಂಪು ಅಕ್ಷರ ಕಲಸಿಹೋದೀತು ಎಂದು ಕಾಪಾಡಿಕೊಂಡವಳ ಹಾಗೆ ಕಣ್ಣನ್ನು ಒಣಗಿಸಿ ಇಟ್ಟುಕೊಂಡಿದ್ದಳು.

"ಎಂತ ಯೋಚ್ನೆ ಅಮ್ಮ, ಹುಬ್ಬು ಗಂಟು ಹಾಕ್ಬೇಡಿ, ಲೇಪ ಬಿರೀತದೆ" ಎಂದು ಹೂವಮ್ಮ ತಣ್ಣಗಿನ ಹತ್ತಿಯನ್ನು ರೆಪ್ಪೆಗೆ ಒತ್ತಿದಳು. ಕಷಾಯ ಕೆನ್ನೆಗೆ ಇಳಿಯಿತು. ಕಣ್ಣು ತೆರೆದಾಗ ಮೊದಲು ಕಂಡದ್ದು ಶೇಷಪ್ಪನವರ ಮುಖ. ಅವರಿಗೆ ಈಗ ಲೇಪ ಬಿದ್ದಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಕೆಳಗಿನ ಹಲ್ಲೊಂದು ಇರಲಿಲ್ಲ. ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಎರಡು ಕೈಗಳನ್ನೂ ಮೊಣಕಾಲ ಮೇಲೆ ಇಟ್ಟುಕೊಂಡು, ದಾಖಲಾತಿಗೆ ಬಂದ ಹುಡುಗನ ಹಾಗೆ ಕೂತಿದ್ದರು. ಒಬ್ಬ ಮನುಷ್ಯನನ್ನು ಅವನಿಗೆ ತಿಳಿಯದ ಹಾಗೆ ಇಷ್ಟು ಹತ್ತಿರದಿಂದ ನೋಡುವುದರಲ್ಲಿ ಒಂದು ಕೊಳಕು ಸುಖವಿತ್ತು. ಅವಳು ಬೇಕಾದಷ್ಟು ಹೊತ್ತು ನೋಡಿ ಎದ್ದುಹೋದಳು.

ಮಧ್ಯಾಹ್ನ ಹೈಸ್ಕೂಲಿನ ಹಾಲ್‌ನಲ್ಲಿ ನಲವತ್ತು ಮಂದಿ ಒಬ್ಬೊಬ್ಬರಾಗಿ ಎದ್ದರು. ಮೇಳಿಗೆಯ ಬೋಳುತಲೆಯ ಮೇಷ್ಟರೊಬ್ಬರು ಕಳ್ಳನೆಂದು ತಿಳಿದು ಹೊಡೆದ ಹುಡುಗನ ಹೆಸರು ಹೇಳಲಾಗದೆ ಕೂತುಬಿಟ್ಟರು. ಇನ್ನೊಬ್ಬರು ಕಾಲು ಗಂಟೆ ಮಾತನಾಡಿಯೂ ತಪ್ಪು ಅವರದೋ ಹುಡುಗನದೋ ತಿಳಿಯಲಿಲ್ಲ. ಹಿಂದಿನ ಸಾಲಿನಿಂದ "ತಪ್ಪು ಹುಡುಗಂದೇ, ಕ್ಷಮಿಸಿದ್ವಿ, ಕೂತ್ಕೊಳ್ಳಿ" ಎಂದು ಯಾರೋ ಅಂದಾಗ ಇಡೀ ಹಾಲ್ ನಕ್ಕಿತು. ಮೂಕಾಂಬಿಕಾ ಹದಿನೇಳನೆಯ ಹೆಸರನ್ನು ದಾಟಿಸಿ ಕೊನೆಗಿಟ್ಟಿದ್ದಳು. ಹೆಸರು ಹೇಳಲಿ, ಸಾಕು. ಪುಟ್ಟಪ್ಪ ಎಂಬ ಮೂರಕ್ಷರ ಆ ಬಾಯಿಂದ ನಲವತ್ತು ಜನರೆದುರು ಬಿದ್ದರೆ, ಉಳಿದದ್ದನ್ನು ಅವಳು ಕೇಳಬಲ್ಲಳು. ಒಂದೊಂದೇ ಪ್ರಶ್ನೆ, ಮೆತ್ತಗೆ, ಶಾಂತಿಯ ಭಾಷೆಯಲ್ಲೇ, ಆ ಮನುಷ್ಯ ಮೇಜು ಹಿಡಿದುಕೊಳ್ಳುವವರೆಗೆ.

ಶೇಷಪ್ಪನವರು ಎದ್ದು ಟವಲಿನಿಂದ ಕಣ್ಣೊತ್ತಿಕೊಂಡರು. ಕೋಣಂದೂರಿನ ಶಾಲೆಯಲ್ಲಿದ್ದಾಗ ಕೆರಿಯಪ್ಪ ಎಂಬ ಹುಡುಗ ಸ್ಲೇಟು ತಂದಿರಲಿಲ್ಲ. ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಇದ್ದ ಒಂದೇ ಸ್ಲೇಟನ್ನು ತಂಗಿಗೆ ಕೊಟ್ಟು ಬಂದಿದ್ದನೆಂದು ಸಂಜೆ ತಿಳಿಯಿತು. ಮರುದಿನ ಎಲ್ಲ ಮಕ್ಕಳೆದುರು ತಾವೇ ಬೆಂಚಿನ ಮೇಲೆ ನಿಂತರು. "ಹದಿನೈದು ನಿಮಿಷ ನಿಂತೆ. ಆ ಹುಡುಗ 'ಇಳೀರಿ ಸಾ, ಬೀಳ್ತೀರಿ' ಅಂತ ಅತ್ತ" ಎಂದರು. ಚಪ್ಪಾಳೆ. ವೆಂಕಟ್ರಮಣರು ಖಾದಿ ಜುಬ್ಬದ ತೋಳಿನಿಂದ ಮೂಗು ಒರೆಸಿಕೊಂಡರು. ಎಷ್ಟು ಸಭೆಯಲ್ಲಿ ಹೇಳಿ ಹೇಳಿ ನಯವಾದ ಕಥೆಯೋ, ಹೊಳೆಕಲ್ಲಿನ ಹಾಗೆ ಮಿರುಗುತ್ತಿತ್ತು. ಮೂಕಾಂಬಿಕಾಗೆ ರೆಪ್ಪೆ ಬಿಸಿಯಾಗಿ ತುಂಬಿಕೊಂಡಂತಾಯಿತು.

"ಬೇರೆ ಏನೂ ನೆನಪಿಲ್ಲವೇ, ಮೇಷ್ಟರೆ? ಮಕ್ಕಳದ್ದಲ್ಲ. ದೊಡ್ಡವರದ್ದು."

ಚಪ್ಪಾಳೆ ನಿಂತಿತು. ಅವರು ಅವಳನ್ನು ನೋಡಿದರು. ಎಂಟು ದಿನದಲ್ಲಿ ಮೊದಲ ಸಲ, ಬಾತ ರೆಪ್ಪೆಗಳ ಸಂದಿಯಿಂದ, ಮುಖವನ್ನು ನೋಡಿದರು. ಹಾಗಾದರೆ ಅವಳು ಯಾರೆಂದು ಅವರಿಗೆ ಗೊತ್ತಿತ್ತು. ಮೊದಲ ದಿನದಿಂದಲೇ ಗೊತ್ತಿತ್ತು.

"ಇದೆ ಮೇಡಂ" ಎಂದರು. "ಆದ್ರೆ ಅದನ್ನ ಕೇಳಬೇಕಾದೋರು ಒಬ್ರೇ. ನಲವತ್ತು ಜನರ ಎದುರು ಹೇಳಿದ್ರೆ ಅದೂ ಒಂದು ಕಥೆ ಆಗ್ತದೆ, ಇದಕ್ಕೂ ಚಪ್ಪಾಳೆ ಬೀಳ್ತದೆ."

"ಆಹಾ, ಎಂಥ ಮಾತು!" ವೆಂಕಟ್ರಮಣರು ಎದ್ದೇಬಿಟ್ಟರು. "ಬರಕೊಳ್ಳಿ, ಎಲ್ಲರೂ ಬರಕೊಳ್ಳಿ. ಮೂಕಾಂಬಿಕಾ ಅವರೇ, ಬೋರ್ಡಿನ ಮೇಲೆ ಬರೀರಿ ಅದನ್ನ." ನಲವತ್ತು ಪೆನ್ನುಗಳು ಕಾದು ನಿಂತವು. ಅವಳು ತಿರುಗಿ ಸೀಮೆಸುಣ್ಣ ಎತ್ತಿಕೊಂಡಳು. ತಾನು ಹೆಣೆದ ಬೋನಿನ ಮೇಲೆ ಅವನ ಮಾತನ್ನು ತನ್ನ ಕೈಯಿಂದಲೇ, ದೊಡ್ಡ ಅಕ್ಷರದಲ್ಲಿ, ಹಿಂದಿನ ಸಾಲಿಗೂ ಕಾಣುವಂತೆ ಬರೆದಳು. "ಒಬ್ರೇ ಅಂತಲೋ ಒಬ್ಬರೇ ಅಂತಲೋ ಮೇಡಂ?" ಎಂದು ಯಾರೋ ಕೇಳಿದರು. ಅವಳು ತಿದ್ದಿ ಬರೆದಳು.

ಮರುದಿನ ಬೆಳಿಗ್ಗೆ ಸೇತುವೆಯ ಮೇಲೆ ನಡೆಯುವಾಗ, ಹೋಗದಿದ್ದರೆ ಹೆದರಿದೆನೆಂದುಕೊಳ್ಳುತ್ತಾನೆ ಎನಿಸಿತು. ಆಮೇಲೆ, ಹೆದರಿಕೆಯ ಈ ಮಾತು ಹಿಂದೆ ಯಾರೋ ಪುಟ್ಟಪ್ಪನಿಗೆ ಹೇಳಿದ ಮಾತಿನ ಹಾಗಿದೆ ಎಂದು ಹೊಳೆದು, ಆ ಯೋಚನೆಯನ್ನು ಮುಂದುವರಿಸದೆ ಹೆಜ್ಜೆ ಬಿರುಸು ಮಾಡಿದಳು. ಜಗಲಿಯಲ್ಲಿ ಹೂವಮ್ಮ ಇರಲಿಲ್ಲ. ತಂಗಿಯ ಮಗಳ ಮದುವೆಗೆ ಹೋಗಿದ್ದಳು. ಶೇಷಪ್ಪನವರೊಬ್ಬರೇ, ಆಗಲೇ ಲೇಪ ಹಾಕಿಸಿಕೊಂಡು, ಗೋಡೆಗೆ ತಲೆ ಕೊಟ್ಟು ಕೂತಿದ್ದರು. ಒಳಗೆ ಯಾರದೋ ನಾಡಿ ನೋಡುತ್ತಿದ್ದ ವೈದ್ಯರು ಬಾಗಿಲಿಗೆ ಬಂದು, ಕಷಾಯದ ಬಟ್ಟಲನ್ನೂ ಹತ್ತಿಯನ್ನೂ ಅವಳ ಕೈಗಿಟ್ಟರು. "ಈಗ ಹಚ್ಚಿದ್ದು. ಸ್ವಲ್ಪ ಹೊತ್ತು ಬಿಟ್ಟು ನೀವೇ ತೆಗೀರಿ ತಾಯಿ, ಆಮೇಲೆ ನಿಮಗೆ ಹಚ್ತೀನಿ. ಅಂಚು ಬೆಳ್ಳಗಾಗ್ತಾ ಬಂದ ತಕ್ಷಣ ನೆನೆಸ್ಬೇಕು. ಒಣಗಿಸ್ಬೇಡಿ. ಇವರದು ಹಸಿ ಗಾಯದ ಹಂಗಿದೆ, ಒಣಗಿದ್ರೆ ಚರ್ಮ ಸಮೇತ ಬರ್ತದೆ."

ಅವಳು ಒಂದು ಮೊಳ ದೂರದಲ್ಲಿ ಕೂತಳು. ಬಟ್ಟಲು ಮಡಿಲಲ್ಲಿತ್ತು.

"ನೀವಾ ಮೇಡಂ?"

ಅವಳು ಹತ್ತಿಯನ್ನು ಸಣ್ಣ ಉಂಡೆ ಮಾಡಿದಳು.

"ನೀವೇ. ಸಾಬೂನಿನ ವಾಸನೆ ಅದೇ, ಹಾಲ್‌ನಲ್ಲಿ ಬೋರ್ಡ್ ಹತ್ರ ಹೋದಾಗ ಬರ್ತಿತ್ತು. ಕಣ್ಣು ಕಟ್ಟಿದ್ರೆ ಮೂಗು ಚುರುಕು." ನಕ್ಕರು, ಲೇಪ ಜಗ್ಗಿತೇನೋ, ನಗು ನಿಲ್ಲಿಸಿದರು. "ಲಿಸ್ಟ್ ನೋಡಿದ್ದೆ. ಪುಟ್ಟಪ್ಪನ ಮನೆಯೋರು ಅಂತ ಗೊತ್ತಿದ್ದೇ ಬಂದೆ. ಹೆಂಗೆ ಮುಖ ಕೊಟ್ಟು ಮಾತಾಡೂದು ಅಂತ ಎಂಟು ದಿನ ಆಯ್ತು. ಈಗ ಮುಖ ಇಲ್ಲ, ಹೇಳಿಬಿಡ್ತೀನಿ. ಆವತ್ತು ಸ್ಟಾಫ್ ರೂಮಲ್ಲಿ ನಾನು ಅಂದದ್ದು ತಪ್ಪು. ರಜೆ ಚೀಟಿಗೆ ಹಂಗಂದದ್ದು ತಪ್ಪು. ಕೆಂಪು ಶಾಯೀಲಿ ಬರೆದದ್ದು ತಪ್ಪು. ಮೂರೂ ನನ್ನವೇ."

ಬಂತು. ಎರಡು ವರ್ಷ ಕಾದ ಮಾತು ಬಂದೇಬಿಟ್ಟಿತು. ಕೇಳಿದವರು ಅವಳು ಮತ್ತು ಜಗಲಿಯ ಒಂದು ಬೆಕ್ಕು. ಸಂತೋಷ ಎಲ್ಲಿಂದಲೋ ಹೊರಟು ಬರುತ್ತದೆಂದು ಕಾದಳು. ಮೆಟ್ಟಿಲ ಕೆಳಗೆ ಯಾರೋ ಸೈಕಲ್ ನಿಲ್ಲಿಸಿ ಬೆಲ್ ಹೊಡೆದು ಹೋದರು.

"ಒಂದು ಮಾತ್ರ ನಿಮಗೆ ಗೊತ್ತಿರಲಿಕ್ಕಿಲ್ಲ" ಎಂದರು ಅವರು. "ಸ್ಟಾಫ್ ರೂಮಲ್ಲಿ ಹಂಗಂದ ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ ನಾನು. ರಾತ್ರಿ ಎಲ್ಲ ಸಂಕಟ ಆಗಿತ್ತು. ಬೇಡ ಪುಟ್ಟಪ್ಪ, ತಮಾಷೆಗೆ ಅಂದದ್ದು, ಮಳೆ ಬಿದ್ದ ಮೇಲೆ ಹೋಗು ಅಂದೆ. ಆ ಮನುಷ್ಯ ಒಪ್ಪಲಿಲ್ಲ. ಚೀಲ ಹೆಗಲಿಗೆ ಹಾಕ್ಕೊಂಡು, 'ಇಲ್ಲ ಸಾರ್, ಹೆದರುಪುಕ್ಕಲನ ಹೆಂಡ್ತಿ ಅನ್ನಿಸಿಕೊಳ್ಳೋಕೆ ಓದಿದ್ದಲ್ಲ ಅಂದ್ಲು ನಮ್ಮನೆಯವಳು, ಹೋಗಿಬರ್ತೀನಿ' ಅಂದ. ನಗ್ತಾನೇ ಅಂದ."

ಸುಳ್ಳು ಎಂದುಕೊಂಡಳು. ನಿನ್ನೆಯಿಂದ ಕೂತು ಹೆಣೆದದ್ದು. ಸ್ಲೇಟಿನ ಕಥೆ ಹೆಣೆದವನಿಗೆ ಇದೇನು ಕಷ್ಟ. ಆದರೆ ಆ ಮಾತು. ಒಲೆಯ ಮೇಲೆ ಇದ್ದದ್ದು ಹುರುಳಿಯ ಕಟ್ಟು. ಸೌಟು ಆಡಿಸುತ್ತಾ, ತಿರುಗಿ ನೋಡದೆ, ಎಮ್ಮೆ ಎಂಬುದಕ್ಕೆ ಬಂದ ಸಿಟ್ಟನ್ನೆಲ್ಲ ಹೊಸ್ತಿಲಲ್ಲಿ ನಿಂತವನ ಮೇಲೆ ಹಾಕಿ, ಅಕ್ಷರಕ್ಕೆ ಅಕ್ಷರ ಅದನ್ನೇ ಅಂದಿದ್ದಳು. ಅಡಿಗೆಮನೆಯಲ್ಲಿ ಆಗ ಇದ್ದವರು ಇಬ್ಬರು. ಒಬ್ಬ ಸತ್ತ. ಇನ್ನೊಬ್ಬಳು ಆ ಮಾತನ್ನು ಯಾರಿಗೂ ಹೇಳಿರಲಿಲ್ಲ, ತನಗೆ ತಾನೂ. ಅದನ್ನು ಎರಡು ವರ್ಷ ಈ ಮನುಷ್ಯ ತನ್ನ ಬಳಿ ಇಟ್ಟುಕೊಂಡಿದ್ದ. ಕ್ಷಮೆ ಕೇಳುವ ನೆಪದಲ್ಲಿ ತಂದು ಅವಳ ಮಡಿಲಿಗೆ ಹಾಕಿದ, ಬಟ್ಟಲಿನ ಪಕ್ಕಕ್ಕೆ. ಅಥವಾ ನೆಪವೇ ಇರಲಿಲ್ಲವೋ. ನಿಜವಾಗಿ ಅವಳಿಗೆ ಸಮಾಧಾನವಾಗಲೆಂದೇ ಹೇಳಿದನೋ, ನಿನ್ನ ಗಂಡ ಧೈರ್ಯಸ್ಥ ಎಂದು. ಹಾಗಿದ್ದರೆ ಅದನ್ನಂತೂ ಕ್ಷಮಿಸಲೇ ಆಗದು.

"ಅದಕ್ಕೇ ಅವನ ಮೇಲೆ ನಂಗೆ ಗೌರವ" ಎಂದರು ಶೇಷಪ್ಪನವರು. "ನಿಮ್ಮ ಮೇಲೂ."

ಅವರ ಎಡ ರೆಪ್ಪೆಯ ಹೊರ ಅಂಚಿನಲ್ಲಿ ಕಾವಿಯ ಬಣ್ಣ ಮಂಕಾಗಿ, ದಾರದಷ್ಟು ಬಿಳಿ ಕಂಡಿತು. ಅವಳು ನೋಡಿದಳು. ಹತ್ತಿಯನ್ನು ಕಷಾಯಕ್ಕೆ ಅದ್ದಿದಳು, ಹಿಂಡಿದಳು, ಮತ್ತೆ ಬಟ್ಟಲಿನಲ್ಲೇ ಬಿಟ್ಟಳು. ಬಿಳಿ ನಿಧಾನವಾಗಿ ಒಳಗೆ ಸರಿಯುತ್ತಿತ್ತು, ಬೇಸಿಗೆಯ ಕೆರೆಯ ಅಂಚಿನ ಹಾಗೆ. ಇವತ್ತು ಅವಳ ಸ್ವಂತ ರೆಪ್ಪೆಗಳಿಗೆ ಲೇಪವಿರಲಿಲ್ಲ, ಎವೆಯಿಕ್ಕದೆ ನೋಡಬಹುದಿತ್ತು. ಬಲಗಣ್ಣಿನ ಮೇಲೂ ಬೆಳ್ಳಗಾಯಿತು. ಅವರ ಹಣೆಯ ನರ ಒಂದು ಸಲ ಹಾರಿತು.

"ಮೇಡಂ, ಆಯ್ತಾ? ಜಗ್ತಾ ಇದೆ."

"ಇಲ್ಲ" ಎಂದಳು ಮೂಕಾಂಬಿಕಾ. ಅವಳು ಆ ಜಗಲಿಯಲ್ಲಿ ಅವರೊಡನೆ ಆಡಿದ ಮೊದಲ ಮಾತು. ದನಿ ಪಾಠ ಹೇಳುವ ದನಿಯಾಗಿತ್ತು. "ಇನ್ನೂ ಹಸಿ ಇದೆ. ಅಲುಗಾಡಬೇಡಿ."

ಅವರ ಒಂದು ಕೈ ಮೊಣಕಾಲಿನಿಂದ ಎದ್ದು ಕಣ್ಣಿನವರೆಗೆ ಬಂದು, ಮುಟ್ಟದೆ, ಹಿಂದಕ್ಕೆ ಹೋಗಿ ಮೊದಲಿದ್ದಲ್ಲೇ ಕೂತಿತು. "ಹಸಿ ಇದ್ರೆ ಇರಲಿ ಬಿಡಿ" ಎಂದರು. "ನೀವು ಹೇಳೋವರೆಗೆ ಕೂತಿರ್ತೀನಿ."

ಗೊತ್ತಾಗಿತ್ತು ಅವರಿಗೆ. ಗೊತ್ತಾಗಿಯೂ ಕೂತಿದ್ದರು, ಬೆಂಚಿನ ಮೇಲೆ ತಾವಾಗಿ ಹತ್ತಿ ನಿಂತವರ ಹಾಗೆ. ಇಳಿಯಿರಿ ಸಾ ಎಂದು ಅವಳು ಅಳಬೇಕೆಂದು ಕಾಯುವವರ ಹಾಗೆ. ಒಳಗೆ ವೈದ್ಯರು ಯಾರಿಗೋ ಮಜ್ಜಿಗೆ ಬಿಡಲು ಹೇಳುತ್ತಿದ್ದರು. ಬಟ್ಟಲನ್ನು ಎತ್ತಿ ಅವಳು ಬೆಂಚಿನ ಆ ಕಡೆಗೆ, ಅವರ ಕೈಗೆ ಎಟುಕದಷ್ಟು ದೂರದಲ್ಲಿಟ್ಟಳು. ಎಡ ರೆಪ್ಪೆಯ ನಡುವೆ ಕೂದಲೆಳೆಯಷ್ಟು ಸಣ್ಣ ಬಿರುಕೊಂದು ಹುಟ್ಟಿತು. ಅದು ಅಂಚಿನವರೆಗೆ ಬರಲೆಂದು ಕೈ ಕಟ್ಟಿ ಕೂತಳು.